ಪಂಚೆಯ ದೆವ್ವ

ಮಗಳ ದೆವ್ವದ ವೇಷಕ್ಕೆ ಬೆಂಕಿ ಹತ್ತಿದ್ದನ್ನು ನಾನು ಕಂಡದ್ದು ಫೋನಿನ ಪರದೆಯಲ್ಲಿ.

ಪರ್ತ್‌ನ ಥಾರ್ನ್ಲಿ ಬಡಾವಣೆಯಲ್ಲಿ ಅಂದು ಮಕ್ಕಳು ದೆವ್ವದ ವೇಷ ಹಾಕುವ ಹ್ಯಾಲೋವೀನ್ ಸಂಜೆ. ಪತಿಯ ಕೆಲಸ ಹೋಗಿತ್ತು. ಅಂಗಡಿಯ ವೇಷ ಬೇಡವೆಂದು ಅವರ ಬಿಳಿ ಪಂಚೆಯನ್ನೇ ಮುಖವಷ್ಟೇ ಕಾಣುವಂತೆ ಮಗಳಿಗೆ ಹೊದಿಸಿದ್ದೆವು. ನೆರೆಯವರು ಕಣ್ಣು, ಬಾಯಿ ಕೊರೆದು ಬಾಗಿಲಲ್ಲಿಟ್ಟ ಕುಂಬಳಕಾಯಿಗಳಲ್ಲಿ ಬ್ಯಾಟರಿ ದೀಪಗಳಿದ್ದವು. ನಮ್ಮದರಲ್ಲಿ ನಾನು ದೇವರ ಮನೆಯ ಎಣ್ಣೆ ಹಣತೆ ಇಟ್ಟಿದ್ದೆ. ಮೈಸೂರಿನ ಅತ್ತೆಗೆ ಕೆಲಸ ಹೋದ ಸುದ್ದಿ ಹೇಳಿರಲಿಲ್ಲ. ನಾವು ಸಂತೋಷವಾಗಿದ್ದೇವೆಂದು ತೋರಿಸಲು ವಿಡಿಯೊ ಕಾಲ್ ಮಾಡಿ, "ನಗ್ತಾ ಒಂದ್ಸಲ ತಿರುಗು ಪುಟ್ಟಿ, ಅಜ್ಜಿ ನೋಡ್ಲಿ" ಎಂದೆ. ಅವಳು ಗಿರ್ರನೆ ತಿರುಗಿದಳು. ಪಂಚೆಯ ಅಂಚು ಬಾಯ್ತೆರೆದ ಕುಂಬಳಕಾಯಿಯೊಳಗೆ ಬಿದ್ದು ಭಗ್ಗೆಂದು ಹತ್ತಿಕೊಂಡಿತು. ನಾನು ಫೋನ್ ಹಿಡಿದೇ ನಿಂತಿದ್ದೆ.

"ಫೋನ್ ಬಿಸಾಕೇ, ಮಗೂನ ಹಿಡ್ಕೊಳೇ!" ಎಂದು ಅತ್ತೆ ಅಲ್ಲಿಂದಲೇ ಕಿರುಚಿದರು. ಅಷ್ಟರಲ್ಲಿ ಒಳಗಿನಿಂದ ಓಡಿಬಂದ ಪತಿ ಪಂಚೆಯನ್ನು ಕಿತ್ತೆಸೆದು ತುಳಿದು ಆರಿಸಿದರು. ಮಗಳಿಗೆ ಏನೂ ಆಗಿರಲಿಲ್ಲ. ನನ್ನ ಕೈಯಲ್ಲಿನ್ನೂ ಇದ್ದ ಫೋನ್ ನೋಡಿ ಅವಳು ಕೇಳಿದಳು: "ಅಮ್ಮಾ, ಶುಡ್ ಐ ಸ್ಮೈಲ್ ನೌ?"

ಅತ್ತೆಗೆ ಅಂದೇ ಎಲ್ಲವನ್ನೂ ಹೇಳಿದೆವು. ಆದರೆ ನಾನು ಫೋನ್ ಎತ್ತಿದರೆ ಸಾಕು, ಮಗಳು ಈಗಲೂ ತಟ್ಟನೆ ನಗುತ್ತಾಳೆ. ಆ ನಗುವಿನೆದುರು ನನಗೆ ತಲೆ ಎತ್ತಲಾಗುವುದಿಲ್ಲ.