ನಾಳೆಪ್ಪನ ಕಿರುಬೆರಳು

ಯಜಮಾನರ ಅಳಿಯ ಬೂಟಿನ ಕಾರ್ಖಾನೆಗೆ ಮೊದಲ ಸಲ ಕಾಲಿಟ್ಟ ದಿನ, ದೊಡ್ಡಮ್ಮ ಕಿಟಕಿ ಪಕ್ಕದ ಯಂತ್ರದಲ್ಲಿ ಕೂತು ಬೂಟಿನ ಮೇಲಿನ ಚರ್ಮ ಹೊಲಿಯುತ್ತಿದ್ದಳು. ಅವನು ಕಂಕುಳಲ್ಲಿ ಸುರುಳಿ ಸುತ್ತಿದ ಪಟವೊಂದನ್ನು ಅವುಚಿಕೊಂಡು ಬಂದ. ಯಾರನ್ನೂ ಮಾತಾಡಿಸಲಿಲ್ಲ. ಸೀದಾ ಹೋಗಿ ಪಟವನ್ನು ಗೋಡೆಗೆ ಹೊಡೆಯಲು ನಿಂತ. ನಾಲ್ಕು ಮೊಳೆ ಹೊಡೆಯುವಷ್ಟರಲ್ಲಿ ಎರಡು ಸಲ ಸುತ್ತಿಗೆಯನ್ನು ತನ್ನ ಬೆರಳ ಮೇಲೇ ಹಾಕಿಕೊಂಡ. ದೊಡ್ಡಮ್ಮನಿಗೆ ಅವನ ತೂಕ ಆಗಲೇ ತಿಳಿಯಿತು.

ಪಟದಲ್ಲಿ ಬಗ್ಗಿದ ಕೋತಿ, ಅರ್ಧ ಬಗ್ಗಿದ ಕೋತಿ, ನೆಟ್ಟಗೆ ನಿಂತ ಮನುಷ್ಯ ಸಾಲಾಗಿ ನಡೆಯುತ್ತಿದ್ದರು. ಎಲ್ಲರಿಗಿಂತ ಮುಂದೆ ಅಳಿಯ ತನ್ನ ಕೈಯಾರೆ ಬರೆದು ಸೇರಿಸಿದ ಇನ್ನೊಬ್ಬನಿದ್ದ. ಅವನಿಗೆ ಕುಂಬಳಕಾಯಿಯಂಥ ತಲೆ, ಕಡ್ಡಿಯಂಥ ಕಾಲು, ಪಾದಕ್ಕೆ ನಾಲ್ಕೇ ಬೆರಳು.

"ಯಾರಪ್ಪ ಇವನು? ಮನೇಲಿ ಸರಿಯಾಗಿ ಊಟ ಹಾಕ್ತಿರಲಿಲ್ವಾ?" ಎಂದಳು ಅಟ್ಟೆಗೆ ಅಂಟು ಹಚ್ಚುವವಳು.

"ಮುಂದಿನ ಮನುಷ್ಯ," ಎಂದ ಅಳಿಯ. "ಕಿರುಬೆರಳಿಗೆ ಏನೂ ಕೆಲಸ ಇಲ್ಲ. ಕೆಲಸ ಇಲ್ಲದ್ದು ಉದುರಿಹೋಗುತ್ತೆ. ಅದು ಪ್ರಕೃತಿ ನಿಯಮ."

"ಹಾಗಾದ್ರೆ ಕೆಲವರು ಇಷ್ಟೊತ್ತಿಗೆ ಪೂರ್ತಿ ಉದುರಿಹೋಗ್ಬೇಕಿತ್ತಲ್ಲ," ಎಂದಳು ಅಂಟಿನವಳು, ಬ್ರಷ್ಷಿನಿಂದ ಕಣ್ಣೆತ್ತದೆ.

ಅಂದಿನಿಂದ ಅವನಿಗೆ ನಾಳೆಪ್ಪ ಎಂದೇ ಹೆಸರಾಯಿತು. ಇವತ್ತಿನ ಯಾವ ಕೆಲಸ ಕೇಳಿದರೂ ಅವನ ಬಳಿ ಇನ್ನೈದು ಸಾವಿರ ವರ್ಷದ ಉತ್ತರವಿತ್ತು. ಯಂತ್ರದ ಪಟ್ಟಿ ಕಿತ್ತುಹೋಗಿದೆ ಎಂದರೆ, ಮುಂದಿನ ಮನುಷ್ಯನಿಗೆ ಯಂತ್ರವೇ ಬೇಕಿಲ್ಲ ಎನ್ನುತ್ತಿದ್ದ. ಯಜಮಾನರು ಮಾತ್ರ ಅವನ ಎರಡು ಪದವಿಗಳಿಗೆ ಮರುಳಾಗಿ, ಕೀಲಿಕೈ ಗೊಂಚಲನ್ನು ಅವನ ಕೈಗಿತ್ತು ಮನೆಯಲ್ಲಿ ಕೂತರು. ಕೋತಿ ಕೈಗೆ ಮಾಣಿಕ್ಯ ಕೊಟ್ಟರೆ ಕೋತಿಯದೇನು ತಪ್ಪು?

ಆ ಕಾರ್ಖಾನೆಯ ಮಾಣಿಕ್ಯವೆಂದರೆ ಒಳಕೋಣೆಯ ಮರದ ಅಚ್ಚುಗಳು. ಬೂಟು ಆಕಾರ ಪಡೆಯುವುದು ಆ ಮರದ ಪಾದಗಳ ಮೇಲೆ. ಒಂದರಿಂದ ಅರವತ್ತರವರೆಗಿನ ಅರವತ್ತು ಜೊತೆಗಳನ್ನೂ ಕೆತ್ತಿದವನು ದೊಡ್ಡಮ್ಮನ ಗಂಡ. ದಾದಿಯರು, ಅಂಚೆಯವರು, ಬಸ್ಸಿನ ಕಂಡಕ್ಟರುಗಳು ಹೀಗೆ ದಿನವಿಡೀ ನಿಂತು ದುಡಿಯುವವರ ಪಾದ ಅಳೆದು ಅಳೆದು, ಹನ್ನೊಂದು ವರ್ಷ ಕೆತ್ತಿದ್ದ. ಎಡಕ್ಕೊಂದು 'ಎ', ಬಲಕ್ಕೊಂದು 'ಬ', ಮೇಲೊಂದು ಅಂಕಿ. ದೊಡ್ಡಮ್ಮ ಅಕ್ಷರ ಕಲಿತಿದ್ದೂ ಆ ಮರದ ಮೇಲೆಯೇ, ಗಂಡನ ಪಕ್ಕ ಕೂತು. ಏಳನೇ ನಂಬರಿನ ಜೊತೆ ಅವನದೇ ಪಾದದ್ದು. "ಮನುಷ್ಯ ನಿಲ್ಲೋದು ಹೆಬ್ಬೆರಳ ಮೇಲೆ, ತಿರುಗೋದು ಕಿರುಬೆರಳ ಮೇಲೆ ಕಣೇ," ಎನ್ನುತ್ತಿದ್ದ. ಅವನು ಹೋದಮೇಲೆ ಕೈಯಲ್ಲಿ ಹಿಡಿದು ನೋಡಲು ಅವಳಿಗೆ ಉಳಿದದ್ದು ಆ ಅಚ್ಚುಗಳಷ್ಟೇ.

ಒಂದು ಬೆಳಗ್ಗೆ ಒಳಕೋಣೆಯಿಂದ ಸಾಣೆ ಚಕ್ರದ ಸದ್ದು ಬಂತು. ದೊಡ್ಡಮ್ಮ ಎದ್ದು ಹೋಗಿ ನೋಡಿದಳು. ನಾಳೆಪ್ಪ ಅಚ್ಚುಗಳ ಕಿರುಬೆರಳ ಕಡೆಯ ಉಬ್ಬನ್ನು ಚಕ್ರಕ್ಕೆ ಕೊಟ್ಟು ತೇಯುತ್ತಿದ್ದ. ಒಂದೊಂದರಲ್ಲೂ ಮೂರು ನೂಲು ಮರ, ಎಂದರೆ ಅರ್ಧ ಇಂಚಿಗೆ ಒಂದೇ ನೂಲು ಕಮ್ಮಿ, ಪುಡಿಯಾಗಿ ನೆಲಕ್ಕೆ ಬೀಳುತ್ತಿತ್ತು.

"ಏನಪ್ಪ ಮಾಡ್ತಿದ್ದೀರಿ?"

"ಬೂಟು ಇಕ್ಕಟ್ಟಾದ್ರೆ ಬೆರಳು ಬೇಗ ಸಣ್ಣಗಾಗುತ್ತಮ್ಮ. ಅವರ ಮಕ್ಕಳಿಗೆ ಇನ್ನೂ ಸಣ್ಣದು. ಮೊಮ್ಮಕ್ಕಳಿಗೆ ಇರೋದೇ ಇಲ್ಲ. ಪ್ರಕೃತಿ ನಿಧಾನ, ನಾವು ಒಂದು ಕೈ ಸೇರಿಸ್ಬೇಕು."

"ನಮ್ಮಜ್ಜಿಗೆ ಕಿವಿ ಚುಚ್ಚಿದ್ರು, ನಮ್ಮವ್ವಂಗೆ ಚುಚ್ಚಿದ್ರು, ನನಗೂ ಚುಚ್ಚಿದ್ರು. ನನ್ನ ಮಗಳೇನು ಕಿವೀಲಿ ತೂತು ಇಟ್ಕೊಂಡು ಹುಟ್ಟಲಿಲ್ಲವಲ್ಲ?"

ನಾಳೆಪ್ಪ ನಕ್ಕ. ಓದಿದವರು ಓದದವರ ಎದುರು ನಗುವ ನಗು ಅದು, ತುಟಿಯ ಒಂದೇ ಬದಿಯಲ್ಲಿ. "ನಿಮಗೆ ಅರ್ಥ ಆಗಲ್ಲಮ್ಮ," ಎಂದು ಮೇಲಿನ ಸಾಲಿನಿಂದ ಎಂಟನೇ ನಂಬರನ್ನು ಎತ್ತಿಕೊಂಡ. ಕೆಳಗಿನ ಸಾಲಿನ ಏಳನೆಯದು ಇನ್ನೂ ಅವನ ಕೈಗೆ ಸಿಕ್ಕಿರಲಿಲ್ಲ. ದೊಡ್ಡಮ್ಮ ಅದನ್ನು ಸೆರಗಿನೊಳಗೆ ಸುತ್ತಿಕೊಂಡು ಹೊರಬಂದಳು. ಮನೆಯಲ್ಲಿ ಅಕ್ಕಿ ಡಬ್ಬದೊಳಗೆ ಹೂತಿಟ್ಟಳು. ಮಾರನೆಯ ದಿನ ಖಾಲಿ ಜಾಗ ಕಂಡ ನಾಳೆಪ್ಪ ಹೆಗಲು ಕುಣಿಸಿ, "ಹೋಗ್ಲಿ, ಹಳೇ ಕಾಲದ್ದು," ಎಂದುಬಿಟ್ಟ.

ಹೊಸ ಬೂಟುಗಳು ಮೊದಲು ಆಸ್ಪತ್ರೆಯ ದಾದಿಯರಿಗೆ ಹೋದವು. ಹತ್ತೇ ದಿನಕ್ಕೆ ಚೀಲ ತುಂಬ ವಾಪಸು ಬಂದವು. ಹೊತ್ತು ತಂದ ಹಿರಿಯ ದಾದಿ ಬರಿಗಾಲಲ್ಲಿದ್ದಳು, ಎರಡೂ ಕಿರುಬೆರಳಿಗೆ ಪಟ್ಟಿ ಕಟ್ಟಿಕೊಂಡಿದ್ದಳು.

"ಇದನ್ನ ಮಾಡಿದೋರು ಯಾರು? ಒಂದು ಸಲ ಅವರ ಕಾಲಿಗೇ ಹಾಕಿ, ನಾನು ನೋಡ್ಬೇಕು!"

"ನಿಮ್ಮ ಪಾದ ಹಿಂದುಳಿದಿದೆ ಮೇಡಂ," ಎಂದ ನಾಳೆಪ್ಪ. ಹೇಳಿದವನು ಅಷ್ಟಕ್ಕೇ ಸುಮ್ಮನಿರಲಿಲ್ಲ. ಎಲ್ಲರೆದುರು ಚೀಲದಿಂದ ಒಂದು ಜೊತೆ ಎಳೆದು, ಹಲ್ಲು ಕಚ್ಚಿ ಕಾಲು ತುರುಕಿಕೊಂಡ. "ನಾನು ಇದನ್ನೇ ಹಾಕ್ಕೊಂಡು ಓಡಾಡ್ತೀನಿ. ನೋಡ್ತಿರಿ."

ಎಲ್ಲರೂ ನೋಡಿದರು. ದಾದಿಯರಾದಮೇಲೆ ಅಂಚೆಯವರು ಕೈಬಿಟ್ಟರು, ಅವರ ಹಿಂದೆ ಕಂಡಕ್ಟರುಗಳು. ತೇದ ಮರಕ್ಕೆ ಮರ ಅಂಟಿಸಲಾಗದು, ಹೊಸ ಅಚ್ಚು ಕೆತ್ತುವ ಕೈ ಊರಲ್ಲೇ ಇರಲಿಲ್ಲ. ವರ್ಷ ತುಂಬುವಷ್ಟರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಅಂಟಿನವಳು ಲಾಂಡ್ರಿ ಸೇರಿದಳು. ದೊಡ್ಡಮ್ಮ ಮನೆಯಲ್ಲೇ ಹರಿದ ಚೀಲ, ಕಿತ್ತ ಚಪ್ಪಲಿ ಹೊಲಿಯಲು ಕೂತಳು. ನಾಳೆಪ್ಪ ಮಾತ್ರ ಆ ಬೂಟು ಬಿಡಲಿಲ್ಲ. ಜಂಬದ ಕೋಳಿಗೆ ಕಾಲುನೋವು ಹೇಳಿಕೊಳ್ಳಲು ನಾಚಿಕೆ. ಅವನಿಗೆ ಸಕ್ಕರೆ ಕಾಯಿಲೆಯಿದ್ದದ್ದು ಅವನಿಗೇ ಗೊತ್ತಿರಲಿಲ್ಲ. ಬಲಗಾಲಿನ ಕಿರುಬೆರಳು ಮಡಚಿಕೊಂಡು, ಹುಣ್ಣಾಗಿ, ಕಪ್ಪಾಯಿತು. ಡಾಕ್ಟರು ಅದನ್ನು ತೆಗೆದುಹಾಕಿದರು. ಪಕ್ಕದಲ್ಲಿ ನಿಂತು ತಟ್ಟೆ ಹಿಡಿದವಳು ಅದೇ ಹಿರಿಯ ದಾದಿ.

"ಅಂತೂ ಐದು ಸಾವಿರ ವರ್ಷ ಮುಂದೆ ಹೋಗ್ಬಿಟ್ಟ," ಎಂದಳು ಅಂಟಿನವಳು, ಸುದ್ದಿ ಹೇಳಲು ಬಂದಾಗ. ದೊಡ್ಡಮ್ಮ ನಗಲಿಲ್ಲ, ಮರುಗಲೂ ಇಲ್ಲ. ಸೂಜಿಗೆ ದಾರ ಪೋಣಿಸಿದಳು.

ಮೂರು ತಿಂಗಳ ಮೇಲೆ ಅವನೇ ಬಂದ. ದೊಡ್ಡಮ್ಮನ ಮನೆ ಎರಡನೇ ಮಹಡಿಯಲ್ಲಿ. ಮೆಟ್ಟಿಲು ನೆಟ್ಟಗಿರುವಷ್ಟು ದೂರ ಹೇಗೋ ಹತ್ತಿದ. ಎಲ್ಲಿ ತಿರುಗಬೇಕೋ ಅಲ್ಲಿ ಬಲಕ್ಕೆ ವಾಲಿ, ಗೋಡೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ಬಾಗಿಲಲ್ಲಿದ್ದ ದೊಡ್ಡಮ್ಮ ಅದನ್ನು ಕಂಡಳು. ಕೈ ಕೊಡಲಿಲ್ಲ. ಅವನೇ ಹತ್ತಿ ಬರುವತನಕ ಕಾದು, ಸ್ಟೂಲನ್ನು ಕಾಲಿನಿಂದ ಅವನತ್ತ ತಳ್ಳಿದಳು.

ಕೂತ. ಪಟದ ಮಾತಿಲ್ಲ, ಪ್ರಕೃತಿಯ ಮಾತಿಲ್ಲ. ಕಾಲಲ್ಲಿ ಹೆಂಡತಿಯ ಹಳೆಯ ಸ್ಪಂಜಿನ ಚಪ್ಪಲಿ. ಅವನ ಕಣ್ಣು ಮನೆಯ ಮೂಲೆಮೂಲೆ ಹುಡುಕುತ್ತ ಅಕ್ಕಿ ಡಬ್ಬದ ಮೇಲೂ ಹಾದುಹೋಯಿತು. ಆಮೇಲೆ ನೆಲ ನೋಡುತ್ತ ಬಾಯಿಬಿಟ್ಟ:

"ಅಮ್ಮಾ, ಏಳನೇ ನಂಬರು ನಿಮ್ಮ ಹತ್ರಾನೇ ಇದೆ ಅಂತ ನನಗೆ ಆವತ್ತೇ ಗೊತ್ತಿತ್ತು, ನೀವು ಸೆರಗಲ್ಲಿ ಸುತ್ಕೊಂಡಿದ್ದು ಕಂಡಿದ್ದೆ. ನನ್ನ ಅಳತೇನೂ ಏಳೇ. ಅದರ ಮೇಲೆ ಒಂದು ಜೊತೆ ಹೊಲಿದು, ಬೆರಳಿಲ್ಲದ ಕಡೆ ಸ್ವಲ್ಪ ಹತ್ತಿ ತುಂಬಿ ಕೊಡ್ತೀರಾ?"