ಜೈತುನಬೀಯ ಕೂಗಿಗೆ ಬರುವ ನಾಯಿ

ವನದುರ್ಗದ ಕೋಟೆಗೋಡೆಯ ಕೆಳಗೆ ಹಣಮಂತಮ್ಮನದೂ ಜೈತುನಬೀಯದೂ ಅಕ್ಕಪಕ್ಕದ ಮನೆ, ಹಿತ್ತಲು ಮಾತ್ರ ಒಂದೇ. ನಡುವೆ ಮೊಣಕಾಲೆತ್ತರದ ಕಲ್ಲಿನ ಸಾಲೊಂದಿತ್ತು. ಕೋಳಿಗಳು ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಹಣಮಂತಮ್ಮನ ಗಂಡ ತೀರಿಕೊಂಡ ಮೇಲೆ ಇಬ್ಬರು ಹೆಂಗಸರೂ ಸೇರಿ ಜವಾರಿ ಕೋಳಿ ಸಾಕಿದರು. ಕೋಟೆಯ ಬಿರುಕುಗಳಲ್ಲಿದ್ದ ಮುಂಗುಸಿಗಳು ಹಾಡಹಗಲೇ ಬಂದು ಮರಿ ಒಯ್ಯತೊಡಗಿದಾಗ, ನಾಯಿ ಇಲ್ಲದೆ ಆಗದು ಎಂದಾಯಿತು.

ಹಣಮಂತಮ್ಮನ ತಮ್ಮ ಬಸವಂತನ ಕುರಿಹಟ್ಟಿಯಲ್ಲಿ ನಾಯಿ ಮರಿ ಹಾಕಿತ್ತು. ಜೈತುನಬೀ ಸೆರಗಿನಲ್ಲಿ ಒಂದು ಕೋಳಿಮರಿ ಕಟ್ಟಿಕೊಂಡು ಹೋಗಿ, ಕೈ ಅಡ್ಡ ಹಿಡಿದು ಅದನ್ನು ನಾಯಿಮರಿಗಳ ಮುಂದೆ ಬಿಟ್ಟಳು. ಒಂದು ಬಾಯಿ ತೆರೆದು ಎರಗಿತು. ಇನ್ನೊಂದು ಹೆದರಿ ತಾಯಿಯ ಹೊಟ್ಟೆಯಡಿ ನುಸುಳಿತು. ಕೆಂಚು ಬಣ್ಣದ ಹೆಣ್ಣುಮರಿಯೊಂದು ಮೂಸಿ ನೋಡಿ, ಕೋಳಿಮರಿಗೆ ಬೆನ್ನು ಹಾಕಿ ಕುಳಿತು ದೂರ ನೋಡತೊಡಗಿತು.

“ಹೆಣ್ಣಮರಿ ಯಾಕ್ರಿ ವೈನಿ, ಗಂಡಮರಿ ಒಯ್ಯಿರಿ,” ಎಂದ ಬಸವಂತ.

“ಇದಾ ಇರ್ಲಿ ತಮ್ಮಾ. ನೋಡು, ಕೋಳಿಮರಿನ್ನ ಹಿಂದ ಇಟ್ಕೊಂಡು ಹೊರಗ ಕಾಯಾಕತ್ತೈತಿ,” ಎಂದಳು ಜೈತುನಬೀ.

ಕೆಂಪಿ ಎಂದು ಹೆಸರಿಟ್ಟು ಗೂಡಿನ ಪಕ್ಕದಲ್ಲೇ ಕಟ್ಟಿದರು. ಕೋಳಿಗಳು ತಿಂದ ಮೇಲೇ ಅದಕ್ಕೆ ರೊಟ್ಟಿ. ಆಟಕ್ಕೆಂದು ಕೋಳಿಯ ಮೇಲೆ ಹಾರಿದರೆ ಹೊಡೆಯುತ್ತಿರಲಿಲ್ಲ. ಕುತ್ತಿಗೆ ಮೆಲ್ಲಗೆ ಒತ್ತಿ ನೆಲಕ್ಕೆ ಕೂಡಿಸುತ್ತಿದ್ದರು. ಬೆಳಿಗ್ಗೆ ಹಣಮಂತಮ್ಮ ಅದನ್ನು ಹಗ್ಗದಲ್ಲಿ ಹಿಡಿದು ಹಿತ್ತಲಿನ ಅಂಚಿನುದ್ದಕ್ಕೂ ಸುತ್ತು ಹಾಕಿಸುತ್ತಿದ್ದಳು. ಹೊಲದಿಂದ ಬರುವುದು ಅವಳಿಗೆ ತಡವಾಗುತ್ತಿದ್ದುದರಿಂದ, ಸಂಜೆ ಕೋಳಿ ಕೂಡಿಸುವ ಪಾಠ ಜೈತುನಬೀಯದಾಯಿತು.

“ಆವೋ ರೇ, ಘರ್ಕು ಆವೋ...” ಬನ್ನಿರೋ, ಮನೆಗೆ ಬನ್ನಿ ಎಂದು ಅವಳು ತನ್ನ ಮನೆಮಾತಿನಲ್ಲಿ ರಾಗವೆಳೆದರೆ ಕೆಂಪಿ ಹಿತ್ತಲ ತುದಿಯಿಂದ ಕೋಳಿಗಳನ್ನು ಮೆಲ್ಲಗೆ ಒತ್ತರಿಸಿಕೊಂಡು ಬಂದು ಗೂಡಿಗೆ ತುಂಬುತ್ತಿತ್ತು. ಮುಂಗುಸಿಗಳು ಇತ್ತ ತಲೆ ಹಾಕುವುದನ್ನೇ ಬಿಟ್ಟವು.

ಹತ್ತಿ ಬಿಡಿಸುವ ದಿನಗಳಲ್ಲಿ ಜೈತುನಬೀ ಜ್ವರವೆಂದು ಮಲಗಿದಳು. ಶಹಾಪುರದ ದವಾಖಾನೆಗೆ ಹೋದವಳು ಜೀವಂತ ಮರಳಲಿಲ್ಲ.

ಮಣ್ಣು ಮಾಡಿ ಬಂದ ಸಂಜೆ ಹಣಮಂತಮ್ಮ ಕೋಳಿಗಳನ್ನು ಕರೆದಳು. ಕೆಂಪಿ ಕದಲಲಿಲ್ಲ. ಬೈದಳು, ರೊಟ್ಟಿ ತೋರಿಸಿದಳು. ಅದು ಜೈತುನಬೀಯ ಬಾಗಿಲನ್ನೇ ನೋಡುತ್ತ ನಿಂತಿತ್ತು. ಮರುದಿನವೂ ಹಾಗೇ. ಹೊರಗುಳಿದ ಹೇಟೆ ಕೋಳಿಯೊಂದನ್ನು ಮುಂಗುಸಿ ಕೊಂದಿತು. ಕೊನೆಗೆ ಒಂದು ಸಂಜೆ ಹಣಮಂತಮ್ಮ ಗಂಟಲು ಸಣ್ಣ ಮಾಡಿ, ಗೆಳತಿಯ ಹಾಗೆಯೇ ರಾಗವೆಳೆದಳು:

“ಆವೋ ರೇ, ಘರ್ಕು ಆವೋ...”

ಕೆಂಪಿ ಚಂಗನೆ ಎದ್ದು ಕೋಳಿಗಳತ್ತ ಓಡಿತು. ಅದೇ ಹೊತ್ತಿಗೆ ಪಕ್ಕದ ಮನೆಯೊಳಗಿನಿಂದ ಗಂಡುದನಿ ಕೇಳಿಸಿತು: “ಆರೌಂ, ಆರೌಂ.” ಬಂದೆ, ಬಂದೆ.

ಜೈತುನಬೀಯ ಗಂಡ, ಗಾದಿ ಹೊಲಿಯುವ ಸರದಾರಸಾಬ, ಹೊಸ್ತಿಲಿಗೆ ಬಂದು ನಿಂತಿದ್ದ. ತಲೆಗೂದಲಲ್ಲಿ ಹತ್ತಿಯ ಎಳೆ. ಹಣಮಂತಮ್ಮನನ್ನು ಕಂಡು ಅವನ ಮುಖ ಇಳಿಯಿತು.

“ಹಂಗ ಕರೀಬ್ಯಾಡ ತಂಗೀ,” ಎಂದ. “ನಾ ಎದ್ದು ಬಂದಬಿಡ್ತೀನಿ.”

“ತಪ್ಪಾತ್ರಿ ಅಣ್ಣಾ.”

ಅವಳು ತಾಟು ಬಡಿದು ಹೊಸದಾಗಿ ಕಲಿಸಲು ನೋಡಿದಳು. ಕೆಂಪಿ ಕಲಿಯಲಿಲ್ಲ. ಹಣಮಂತಮ್ಮ ಕೋಳಿಗಳನ್ನು ಒಂದೊಂದಾಗಿ ತಾನೇ ಹಿಡಿದು ಗೂಡಿಗೆ ಹಾಕಿದಳು. ಹೀಗೆ ಕೆಲವು ದಿನ ಕಳೆದ ಮೇಲೆ ಸರದಾರಸಾಬನೇ ಕಲ್ಲಿನ ಸಾಲಿನ ಹತ್ತಿರ ಬಂದ.

“ಯಾಕ ನಿಲ್ಲಿಸಿದಿ?”

“ನೀವಾ ಬ್ಯಾಡ ಅಂದ್ರಲ್ಲರಿ.”

“ಅಂದಿದ್ದೆ. ಆದ್ರ ಸಂಜಿ ಆತಂದ್ರ ಕಿವಿ ಇತ್ಲಾಗ ಬರ್ತಾವ. ಕರೀ ತಂಗೀ.”

ಅವಳು ಕರೆದಳು. ಅವನು ಕಣ್ಣು ಮುಚ್ಚಿ ಕೇಳಿದ. ಆಮೇಲೆ ಅದೇ ರೂಢಿಯಾಯಿತು. ಅವಳು ಕರೆಯುತ್ತಿದ್ದಳು, ಅವನು ತಿದ್ದುತ್ತಿದ್ದ. “ಕಡೀ ‘ಆವೋ’ ಇನ್ನಾ ಉದ್ದ ಎಳಿ. ಆಕಿ ನಡುವ ಉಸುರು ತಗೋತಿದ್ದಳು.” ಪಾಪ, ಅಷ್ಟಾದರೂ ಸಮಾಧಾನ ಸಿಗಲಿ ಎಂದು ಹಣಮಂತಮ್ಮ ಅವನು ಹೇಳಿದಂತೆಯೇ ಕಲಿತಳು.

ಒಂದು ಸಂಜೆ ಕೂಗು ಬಾಯಿಂದ ಹೊರಟಾಗ ಅವಳೇ ಹಿಂತಿರುಗಿ ನೋಡಿದಳು. ಜೈತುನಬೀ ಬೆನ್ನ ಹಿಂದೆ ನಿಂತು ಕರೆದಂತಿತ್ತು. ಯಾರೂ ಇರಲಿಲ್ಲ. ಸರದಾರಸಾಬ ಅಳುತ್ತ, ನಗುತ್ತ, “ಹಾಂ, ಹಂಗಾ! ಇನ್ನೊಮ್ಮಿ!” ಎನ್ನುತ್ತಿದ್ದ. ಅವನ ಕಣ್ಣು ಹಣಮಂತಮ್ಮನನ್ನು ನೋಡುತ್ತಿರಲಿಲ್ಲ. ಕೆಂಪಿ ಕೋಳಿಗಳನ್ನು ಬಿಟ್ಟು ಬಂದು ಅವಳ ಸೀರೆಯಂಚು ಮೂಸಿತು. ಮೂಸಿ, ಮೂಸಿ, ಗೊಂದಲಗೊಂಡು ಊಳಿಟ್ಟಿತು.

“ಇನ್ನ ನನ್ನಿಂದ ಆಗೂದಿಲ್ಲರಿ ಅಣ್ಣಾ,” ಎಂದಳು. “ನಾ ಯಾರು ಅನ್ನೂದ ನನಗ ತಿಳೀಲಾರದಂಗ ಆಗೇದ.”

ಅವನು ಕಣ್ಣೊರೆಸಿಕೊಂಡ. ಆಮೇಲೆ, “ಖರೇ ಅದ. ನಂದೇ ಗಲತಿ,” ಎಂದು ಒಳಗೆ ಹೋದ. ಮುಂದಿನ ವಾರ ಮಗಳು ಮುಬೀನಾ ಕೆಂಭಾವಿಯಿಂದ ಬಂದು ಅವನನ್ನು ತನ್ನ ಮನೆಗೆ ಕರೆದುಕೊಂಡು ಹೋದಳು.

ಹಣಮಂತಮ್ಮ ಹಟ್ಟಿಯಿಂದ ಇನ್ನೊಂದು ಮರಿ ತಂದು, ಬಾಯಿ ಬಿಡದೆ, ಬರೀ ತಾಟಿನ ಸದ್ದಿಗೆ ಪಳಗಿಸಿದಳು. ಅದು ಚೆನ್ನಾಗಿಯೇ ಕಾಯುತ್ತದೆ. ಕೆಂಪಿ ಜೈತುನಬೀಯ ಬೀಗ ಬಿದ್ದ ಬಾಗಿಲಿನ ಮುಂದೆ ಮಲಗಿಯೇ ಮುದಿಯಾಯಿತು.

ಈಗ ಹಣಮಂತಮ್ಮ ಯಾರನ್ನೂ ದೂರದಿಂದ ಕೂಗುವುದಿಲ್ಲ, ಬಾಯಿಂದ ಯಾರ ದನಿ ಹೊರಟೀತೋ ಎಂಬ ಅಂಜಿಕೆ. ಸಂತೆಯ ಗದ್ದಲದಲ್ಲಿ ಪರಿಚಯದವರು ಕಂಡರೆ, ಜನರ ನಡುವೆ ದಾರಿ ಮಾಡಿಕೊಂಡು ಹತ್ತಿರ ಹೋಗಿ ಭುಜ ಮುಟ್ಟುತ್ತಾಳೆ.