ಶುಕ್ರವಾರದ ನೆಪ

ಇದನ್ನು ಹೇಳುವುದನ್ನು ಮೂರು ವರ್ಷಗಳಿಂದ ಮುಂದೂಡುತ್ತ ಬಂದಿದ್ದೇನೆ, ಗೆಳೆಯರೇ. ಇವತ್ತು ಟ್ರಂಕಿನ ತಳದಲ್ಲಿ ಡಾಕ್ಟರ ಚೀಟಿ ಹುಡುಕುವಾಗ ಇನ್ನೂರು ಪುಟದ ಒಂದು ನೋಟ್‌ಬುಕ್ ಕೈಗೆ ಸಿಕ್ಕಿತು. ಇನ್ನು ಸುಮ್ಮನಿರಲು ನನಗೆ ಧೈರ್ಯ ಸಾಲದು.

ಅದು ನನ್ನ ತಮ್ಮನ ಮಗಳದು, ನಮ್ಮ ಮನೆಯಲ್ಲೇ ಬಿಟ್ಟುಹೋದದ್ದು. ಕೃಷಿ ಪದವಿ ಮುಗಿಸಿದ ಅವಳು ಮಣ್ಣಿನ ವಿಷಯವನ್ನು ಮುಂದಕ್ಕೆ ಓದಲು ಹೊರದೇಶದ ಮೂರು ವಿಶ್ವವಿದ್ಯಾಲಯಗಳನ್ನು ಅದರಲ್ಲಿ ಅಳೆದು ತೂಗಿದ್ದಳು. ಒಂದರ ಫೀಸು ಕಡಿಮೆ, ಆದರೆ ಆ ಊರಿನ ಕೋಣೆ ಬಾಡಿಗೆ ಎದೆ ಒಡೆಯುವಂಥದ್ದು. ಇನ್ನೊಂದರ ಹೆಸರು ದೊಡ್ಡದು, ರಿಯಾಯಿತಿ ಇಲ್ಲ. ಐರ್ಲೆಂಡಿನ ಮೂರನೆಯದು ಅರ್ಧ ಫೀಸು ಮಾಫಿ ಮಾಡಿತ್ತು. ಅದರ ಸುತ್ತ ಕೆಂಪು ಶಾಯಿಯ ಗೆರೆ. ಉಳಿದರ್ಧಕ್ಕೂ ಊಟ ವಸತಿಗೂ, ಗಬ್ಬೂರಿನಲ್ಲಿ ಮಾಸ್ತರನಾಗಿದ್ದು ತೀರಿಕೊಂಡ ನನ್ನ ತಮ್ಮನ ಸೇವೆಯ ಹಣವಿತ್ತು. ರಾಯಚೂರಿನ ಬ್ಯಾಂಕಿನಲ್ಲಿ ಅವನ ಹೆಂಡತಿಯ ಮತ್ತು ನನ್ನ ಜಂಟಿ ಹೆಸರಿನಲ್ಲಿದ್ದ ಆ ಹಣ ಹೊರಡಬೇಕಾದರೆ ಇಬ್ಬರ ಸಹಿಯೂ ಬೇಕು.

ನಾನು ದೇವದುರ್ಗ–ರಾಯಚೂರು ದಾರಿಯಲ್ಲಿ ಕಂಡಕ್ಟರಾಗಿದ್ದವನು, ಮೆಟ್ರಿಕ್‌ವರೆಗೆ ಓದಿದವನು. ದುಡ್ಡು ಕೊಟ್ಟವನ ಮುಖ ನೋಡಿಯೇ ಟಿಕೆಟ್ ಹರಿದು ಬದುಕಿದ ನನಗೆ, ತಮ್ಮನ ಜೀವಮಾನದ ದುಡಿಮೆ ಮುಖವೇ ಕಾಣದ ಯಾರದೋ ಖಾತೆಗೆ ಹೋಗುವುದೆಂದರೆ ಬ್ರೇಕು ಹಿಡಿಯದ ಬಸ್ಸಿನ ಮೆಟ್ಟಿಲ ಮೇಲೆ ನಿಂತಂತಾಗುತ್ತಿತ್ತು. ವೀಸಾ ಸಿಗದಿದ್ದರೆ? ಅಲ್ಲಿ ಜಡ್ಡಾಗಿ ಮಲಗಿದರೆ? ಹಣ ಮರಳುವ ನಿಯಮಗಳನ್ನೆಲ್ಲ ಅವಳು ಕನ್ನಡದಲ್ಲಿ ಬಿಡಿಸಿ ಹೇಳಿದಳು. ನಾನು ತಲೆಯಾಡಿಸಿದೆ; ಭಯಕ್ಕೆ ಓದು ಬರುವುದಿಲ್ಲ.

ಮುಂಗಡ ಕಟ್ಟುವ ಕೊನೆಯ ದಿನ ಬೆಳಿಗ್ಗೆ ಅವಳು ಮಾನ್ವಿಯ ನಮ್ಮ ಮನೆಗೆ ಬಂದಳು. ಅವಳ ತಾಯಿ ಗಬ್ಬೂರಿನಿಂದ ನೇರವಾಗಿ ಬ್ಯಾಂಕಿಗೆ ಹೋಗಿ ಕುಳಿತಿದ್ದಳು.

“ದೊಡ್ಡಪ್ಪಾ, ಬರ್ರಿ. ಮಧ್ಯಾಹ್ನದೊಳಗ ಸಹಿ ಆಗ್ಬೇಕ್ರಿ.”

ನನ್ನ ಬಾಯಿಂದ ಬಂದದ್ದು ನನಗೇ ಅಚ್ಚರಿ: “ಇವತ್ತು ಶುಕ್ರವಾರ ಅದ ಯವ್ವಾ. ಶುಕ್ರವಾರ ಮನಿ ರೊಕ್ಕ ಹೊರಗ ಕಳಸಬಾರ್ದು. ಲಕ್ಷ್ಮಿ ಹೋಗ್ತಾಳ.”

ಅವಳು ಗೋಡೆಯ ಕಡೆ ನೋಡಿದಳು. ನನ್ನಪ್ಪ ದೇವರ ಗೂಡು ಖಾಲಿ ಮಾಡಿ ಬುದ್ಧನ ಪಟ ತೂಗುಹಾಕಿದ ಗೋಡೆ ಅದು.

“ನಮ್ಮ ಮನ್ಯಾಗ ಶುಕ್ರವಾರ ಯಾವಾಗ ಬಂತ್ರಿ ದೊಡ್ಡಪ್ಪಾ? ಗ್ವಾಡಿ ಮ್ಯಾಲ ಕುಂತಾವಗ ವಾರಾನ ಗೊತ್ತಿಲ್ಲ!”

ಒಳಗಿನಿಂದ ನನ್ನ ಹೆಂಡತಿ ಚುಚ್ಚಿದಳು: “ಕಂಡಕ್ಟರ್ ಸಾಹೇಬ್ರಿಗಿ ಇವತ್ತು ರೈಟ್ ಅನ್ನಾಕ ಬಾಯಿ ಬರವಲ್ದು ನೋಡವ್ವ.”

ಹುಡುಗಿ ನಕ್ಕಳು. ನಾನು ಏಳುವುದಿಲ್ಲವೆಂದು ತಿಳಿದಾಗ ನಗು ನಿಂತಿತು. ಅಷ್ಟರಲ್ಲಿ ಅವಳ ಫೋನಿನಲ್ಲಿ ತಾಯಿಯ ದನಿ: “ಬಾವಾರು ಬಸ್ ಹತ್ತಿದ್ರೇನವ್ವ?” ಅವಳು ನನ್ನನ್ನೇ ನೋಡುತ್ತ, “ಇಲ್ಲ ಬೇ, ನೀ ಮನಿಗಿ ಹೋಗು” ಎಂದಳು.

ಗಬ್ಬೂರಿನ ಹೊಲದೊಳಗಿಂದ ಯಾರೋ ಟವೆಲ್ ಬೀಸಿದರೂ ಬಸ್ಸು ನಿಲ್ಲಿಸಿದವನು ನಾನು. ಅಷ್ಟು ದೊಡ್ಡ ವಿಶ್ವವಿದ್ಯಾಲಯ ಒಂದೆರಡು ದಿನ ಕಾಯಲಾರದೇ ಎಂದು ಸಮಾಧಾನ ಮಾಡಿಕೊಂಡೆ. ಮರುದಿನ ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಸೋಮವಾರ ನಾವು ಹೊರಡುವ ಮೊದಲೇ ಅವಳ ಫೋನಿಗೆ ವಿಶ್ವವಿದ್ಯಾಲಯದ ಪತ್ರ ಬಂದಿತ್ತು: ಗಡುವು ಮೀರಿದ್ದರಿಂದ ರಿಯಾಯಿತಿ ಸರದಿಯಲ್ಲಿದ್ದ ಇನ್ನೊಬ್ಬರಿಗೆ ಹೋಗಿದೆ. ಪೂರ್ತಿ ಫೀಸು ಕಟ್ಟುವ ಶಕ್ತಿ ನಮಗಿರಲಿಲ್ಲ. ಮಿಕ್ಕೆರಡು ಬಾಗಿಲುಗಳನ್ನು ಇದನ್ನು ನಂಬಿ ಅವಳೇ ಮುಚ್ಚಿದ್ದಳು.

ಆ ದಿನ ಲಕ್ಷ್ಮಿ ಹೋಗುವಳೆಂದು ನಾನು ಹೆದರಲಿಲ್ಲ. ಹುಡುಗಿ ಅಲ್ಲಿ ಸೋತು ಬಂದರೆ ‘ಸಹಿ ಹಾಕಿದವನು ನೀನಲ್ಲವೇ’ ಎಂದು ಜನ ಕೇಳುವರೆಂದು ಹೆದರಿದೆ. ನನ್ನಪ್ಪ ಹೊರಗೆ ಹಾಕಿದ ದೇವರನ್ನು ಒಂದು ಬೆಳಗಿನ ಮಟ್ಟಿಗೆ ಕರೆತಂದು ಆ ಲಕ್ಷ್ಮಿಯ ಬೆನ್ನ ಹಿಂದೆ ಅಡಗಿಕೊಂಡೆ.

ಈಗ ಅವಳು ರಾಯಚೂರಿನಲ್ಲಿ ರೈತರ ಮಣ್ಣು ಪರೀಕ್ಷೆ ಮಾಡುತ್ತಾಳೆ. ಭಾನುವಾರ ನಮ್ಮ ಮನೆಗೆ ಬಂದಾಗ ಪಕ್ಕದ ಮನೆಯಾಕೆ ಕೇಳುತ್ತಾಳೆ: “ಹೊರದೇಶಕ್ಕ ಹೊಂಟಿದ್ದೆಲ್ಲವ್ವ, ಏನಾತು?”

“ವೀಸಾ ಬರ್ಲಿಲ್ಲ ಬಿಡ್ರಿ.”

ಆಗ ಅವಳು ನನ್ನ ಕಡೆ ನೋಡುವುದಿಲ್ಲ. ನೋಡಿಬಿಟ್ಟಾಳೆಂಬ ಭಯ ನನಗೆ; ಕ್ಷಮೆ ಕೇಳಿದರೆ ‘ಹೋಗ್ಲಿ ಬಿಡ್ರಿ ದೊಡ್ಡಪ್ಪಾ’ ಎಂದು ಅಷ್ಟೇ ಸುಲಭವಾಗಿ ಹೇಳಿಬಿಟ್ಟಾಳೆಂಬುದು ಅದಕ್ಕಿಂತ ದೊಡ್ಡ ಭಯ. ವೀಸಾಕ್ಕೆ ಅವಳು ಅರ್ಜಿಯನ್ನೇ ಹಾಕಿರಲಿಲ್ಲ. ನನ್ನ ಮಾನ ಉಳಿಸಲು ಮೂರು ವರ್ಷಗಳಿಂದ ಆ ಸುಳ್ಳು ಹೇಳುತ್ತಿರುವವಳು ನನ್ನ ತಮ್ಮನ ಮಗಳು ಸುಜಾತಾ.